ಕೈಗಡದ ಬಾಂಡ್ ಪೇಪರ್

ಪ್ರಶ್ನೆ: ನನ್ನ ತಮ್ಮ ಎಸ್ಸೆಸ್ಸೆಲ್ಸಿ ಫೇಲು, ಟೆಂಪೋ ಓಡಿಸುತ್ತಿದ್ದ. ದುಬೈಯಲ್ಲಿ ಡ್ರೈವರ್ ಕೆಲಸ ಕೊಡಿಸುತ್ತೇನೆಂದು ನಮ್ಮೂರಿನವರೇ ಒಬ್ಬರು 2025ರ ಜನವರಿಯಲ್ಲಿ 1,40,000 ರೂಪಾಯಿ ತಗೊಂಡರು. ಅರ್ಧ ನಗದು, ಅರ್ಧ ಫೋನ್‌ಪೇ. ಅದಕ್ಕಾಗಿ ಅಡವಿಟ್ಟ ನನ್ನ ಬಂಗಾರ ಇನ್ನೂ ಸೊಸೈಟಿಯಲ್ಲೇ ಇದೆ. ಮೂರು ವಾರ ಪಾಸ್‌ಪೋರ್ಟನ್ನು ತಾವೇ ಇಟ್ಟುಕೊಂಡು, ಕೊನೆಗೆ ವಿಸಿಟ್ ವೀಸಾದಲ್ಲಿ ಕಳಿಸಿದರು. ಅಲ್ಲಿ ಒಂದೇ ಕೋಣೆಯಲ್ಲಿ ಹನ್ನೊಂದು ಜನ. ಕೆಲಸವಿಲ್ಲದೆ 40 ದಿನ ಇದ್ದು, ನಾವೇ ಟಿಕೆಟ್ ಮಾಡಿಸಿದ ಮೇಲೆ ವಾಪಸ್ ಬಂದ. ಕೇಳಿದರೆ ‘ನಾನು ಬರೀ ಪರಿಚಯ ಮಾಡಿಸಿದ್ದು, ದುಡ್ಡು ಮುಂಬೈಗೆ ಹೋಗಿದೆ’ ಎನ್ನುತ್ತಾರೆ. ಅವರು ಬರೆದುಕೊಟ್ಟ ಬಾಂಡ್ ಪೇಪರ್ ನೋಡಿ ಠಾಣೆಯವರು ‘ಇದು ಸಿವಿಲ್’ ಅಂದರು. ತಮ್ಮ ನಾಚಿಕೆಯಿಂದ ಹೊರಗೇ ಬರುತ್ತಿಲ್ಲ. ನಾನು ದೂರು ಕೊಡಬಹುದೇ?
– ಹೆಸರು ಬೇಡ, ಕುಂದಾಪುರ ತಾಲ್ಲೂಕು

ಉತ್ತರ: ಕೊಡಬಹುದು ತಾಯಿ. ವಿದೇಶಕ್ಕೆ ದುಡಿಯಲು ಕಳಿಸುವುದನ್ನು ನಿಯಂತ್ರಿಸುವ 1983ರ ಎಮಿಗ್ರೇಷನ್ ಕಾಯ್ದೆಯಡಿ ಮೊಕದ್ದಮೆ ಹೂಡಲು ಸಾಮಾನ್ಯವಾಗಿ ಕೇಂದ್ರ ಸರ್ಕಾರದ ಅನುಮತಿ ಬೇಕು. ಆದರೆ ಮೋಸಹೋದವನೋ, ಅವನ ಪರವಾಗಿ ಅಪ್ಪ, ಅಮ್ಮ, ಹೆಂಡತಿ, ಅಣ್ಣತಮ್ಮ, ಅಕ್ಕತಂಗಿಯರೋ ದೂರು ಕೊಟ್ಟರೆ ಆ ಅನುಮತಿ ಬೇಕಿಲ್ಲ. ಅಕ್ಕನಾಗಿ ನಿಮಗೆ ಆ ಹಕ್ಕಿದೆ.

‘ಪರಿಚಯ ಮಾಡಿಸಿದ್ದಷ್ಟೇ’ ಎಂಬ ಮಾತು ನಡೆಯುವುದಿಲ್ಲ. ವಿದೇಶದ ಕೆಲಸಕ್ಕೆ ಜಾಹೀರಾತು ಹಾಕುವುದು, ಮಾತುಕತೆ ನಡೆಸುವುದು, ಕರಾರು ಮಾಡಿಕೊಳ್ಳುವುದು ಎಲ್ಲವೂ ಕಾಯ್ದೆಯ ಪ್ರಕಾರ ನೇಮಕಾತಿಯೇ. ನೋಂದಣಿ ಇಲ್ಲದೆ ಅದನ್ನು ಮಾಡಿದರೆ 10ನೇ ಸೆಕ್ಷನ್ನಿನ ಉಲ್ಲಂಘನೆ. ಸಬ್ ಏಜೆಂಟ್ ಎಂಬ ಪ್ರಾಣಿಗೆ ಈ ಕಾನೂನಿನಲ್ಲಿ ಜಾಗವೇ ಇಲ್ಲ. ನೋಂದಾಯಿತ ಏಜೆಂಟ್ ಕೂಡ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ ಬಿಟ್ಟು ಹೆಚ್ಚು ತಗೊಳ್ಳುವಂತಿಲ್ಲ. ಇನ್ನು ವಿಸಿಟ್ ವೀಸಾ ಯಾಕೆ? ಹತ್ತನೇ ತರಗತಿ ಪಾಸಾಗದವರು ಗಲ್ಫಿಗೆ ದುಡಿಯಲು ಹೋಗಬೇಕಾದರೆ ಎಮಿಗ್ರೇಷನ್ ಕ್ಲಿಯರೆನ್ಸ್, ಅಂದರೆ ಸರ್ಕಾರದ ಒಪ್ಪಿಗೆ ಬೇಕು, ಸುತ್ತಾಡಲು ಹೋಗುವವರಿಗೆ ಬೇಡ. ಅದೇ ಇವರ ಒಳದಾರಿ.

ಶಿಕ್ಷೆ ಎರಡು ವರ್ಷದವರೆಗೆ ಜೈಲು, ಎರಡು ಸಾವಿರದವರೆಗೆ ದಂಡ. ದಂಡದ ಅಂಕಿ 1983ರದ್ದೇ. 1,40,000 ನುಂಗಿದವರಿಗೆ ಅದು ಚಾ-ತಿಂಡಿಯ ದುಡ್ಡು. ಅದಕ್ಕೇ ದೂರಿನಲ್ಲಿ ಭಾರತೀಯ ನ್ಯಾಯ ಸಂಹಿತೆಯ 318(4), ಅಂದರೆ ವಂಚನೆಯನ್ನೂ ಸೇರಿಸಿ. ಅದಕ್ಕೆ ಏಳು ವರ್ಷದವರೆಗೆ ಜೈಲಿದೆ. ಎರಡರಲ್ಲೂ ಪೊಲೀಸರು ನೇರವಾಗಿ ಎಫ್‌ಐಆರ್ ಹಾಕಬಹುದು.

ಈಗ ನೀವು ಫೋಟೋ ಕಳಿಸಿದ ಬಾಂಡ್ ಪೇಪರ್. ‘ಮನೆ ಖರ್ಚಿಗಾಗಿ ಕೈಗಡ ಪಡೆದಿರುತ್ತೇನೆ’ ಎಂದಿದೆ. ದುಬೈ, ವೀಸಾ, ಕೆಲಸ, ಯಾವ ಶಬ್ದವೂ ಇಲ್ಲ. ನಮ್ಮ ಕರಾವಳಿಯಲ್ಲಿ ಇಂಥ ಕಾಗದ ನಾನು ಬೇಕಾದಷ್ಟು ನೋಡಿದ್ದೇನೆ. ಕೊಟ್ಟವರಿಗೆ ಲಿಖಿತ ಸಿಕ್ಕಿತೆಂಬ ಸಮಾಧಾನ, ಬರೆದವರಿಗೆ ವಂಚನೆಯನ್ನು ಸಾಲವಾಗಿಸಿದ ನೆಮ್ಮದಿ. ಠಾಣೆಯವರ ‘ಸಿವಿಲ್’ ಹುಟ್ಟಿದ್ದು ಇಲ್ಲೇ. ಆದರೆ ಸಾಲ ಕೊಟ್ಟವನ ಪಾಸ್‌ಪೋರ್ಟನ್ನು ಸಾಲಗಾರ ಮೂರು ವಾರ ಯಾಕೆ ಇಟ್ಟುಕೊಂಡಿದ್ದ? ವೀಸಾ ಪ್ರತಿ, ಟಿಕೆಟ್, ಫೋನ್‌ಪೇ ವಿವರ, ವಾಟ್ಸ್‌ಆಪ್ ಧ್ವನಿ ಸಂದೇಶಗಳನ್ನು ಆ ಕಾಗದದ ಪಕ್ಕದಲ್ಲಿಟ್ಟರೆ ಕೈಗಡದ ಕತೆ ನಿಲ್ಲುವುದಿಲ್ಲ. ತಮ್ಮನ ಆ ಫೋನನ್ನು ಮಾರಬೇಡಿ, ರಿಸೆಟ್ ಮಾಡಿಸಬೇಡಿ.

ಠಾಣೆಯಲ್ಲಿ ಮತ್ತೆ ತಗೊಳ್ಳದಿದ್ದರೆ ದೂರನ್ನು ಅಂಚೆಯಲ್ಲಿ ಎಸ್‌ಪಿಗೆ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ. ಎಮಿಗ್ರೇಷನ್ ಕಾಯ್ದೆಯ ಅಪರಾಧಕ್ಕೆ ಮೂರು ವರ್ಷದ ಕಾಲಮಿತಿ ಇದೆ, ‘ಹಬ್ಬ ಕಳೀಲಿ’ ಎನ್ನುತ್ತಾ ದಿನ ದೂಡುವವರನ್ನು ನಂಬಬೇಡಿ. ಇಪ್ಪತ್ತು ಸಾವಿರ ಕೈಗಿಟ್ಟು ‘ಲೆಕ್ಕ ಚುಕ್ತಾ’ ಎಂದು ಸಹಿ ಕೇಳಿದರೆ ಹಾಕಬೇಡಿ.

ತಮ್ಮನ ಹೇಳಿಕೆ ಮಾತ್ರ ಬೇಕೇ ಬೇಕು. ರಷ್ಯಾದಲ್ಲಿ ಕೆಲಸವೆಂದು ನಂಬಿ ಹೋದ ಕಲಬುರಗಿ ಹುಡುಗರು ಯುದ್ಧಭೂಮಿ ಕಂಡು 2024ರಲ್ಲಿ ಮರಳಿದರು, ಮೋಸಹೋದವನು ಇವನೊಬ್ಬನೇ ಅಲ್ಲ ಎಂದು ಹೇಳಿ. ಆಮೇಲೆ ಒಂದು ಪ್ರಶ್ನೆ ಕೇಳಿ: ಆ ಕೋಣೆಯ ಹನ್ನೊಂದು ಜನರಲ್ಲಿ ಇದೇ ಮನುಷ್ಯ ಕಳಿಸಿದವರು ಎಷ್ಟು? ಅವರ ನಂಬರ್ ಅವನ ಫೋನಿನಲ್ಲಿ ಇದ್ದೇ ಇರುತ್ತದೆ.