ಮಾಮೂಲಿ ಕೆಮ್ಮು

'ಮಾಮೂಲಿ ಕೆಮ್ಮು': ಬೀಡಿ ಬಿಡಲು ನನ್ನಲ್ಲಿ ಸಲಹೆ ಕೇಳಿ ಬರುವವರ ಬಾಯಲ್ಲಿ ಮತ್ತೆ ಮತ್ತೆ ಬರುವ ಮಾತು ಇದು. ಈ ಪ್ರಕರಣದಲ್ಲೂ ಅಷ್ಟೇ. 58 ವರ್ಷದ ರೈತ, 30 ವರ್ಷದಿಂದ ದಿನಕ್ಕೊಂದು ಕಟ್ಟು ಬೀಡಿ. (ಗುರುತು ಸಿಗದಂತೆ ಕೆಲವು ವಿವರ ಬದಲಿಸಿದೆ.) ಎರಡನೇ ಭೇಟಿಗೆ ಹೆಂಡತಿಯೂ ಬಂದಿದ್ದರು.

"ಕೆಮ್ಮು ಹತ್ತು ವರ್ಷದಿಂದ ಐತೆ ಬಿಡಿ ಮೇಡಂ" ಎಂದರು ಅವರು. ಹೆಂಡತಿ ತಡೆದರು: "ಮುಂಚೆ ಬೆಳಗೆದ್ದು ನಾಕು ಸಲ ಕೆಮ್ಮಿ ಕಫ ಉಗುದ್ರೆ ಮುಗೀತಿತ್ತು. ಈಗ ರಾತ್ರಿಯೆಲ್ಲ ಒಣಕೆಮ್ಮು. ದನಿನೂ ಒಡದೈತೆ. ಕೊಟ್ಟಿಗೆ ತಾವ ನಿಂತು ಕರುದ್ರೆ ಹಸ ತಿರುಗಿ ನೋಡಲ್ಲ."

ರೈತರು ನಕ್ಕರು. ಬೀಡಿ ಲೆಕ್ಕದ ಹಾಳೆ ಪಕ್ಕಕ್ಕಿಟ್ಟೆ.

ಶ್ವಾಸಕೋಶದ ಕ್ಯಾನ್ಸರ್ ಸುಳಿವು ಹುಡುಕುವಾಗ ಸೇದುವವರನ್ನು ಕೆಮ್ಮು ಇದೆಯೇ ಎಂದು ಕೇಳಿ ಪ್ರಯೋಜನವಿಲ್ಲ, ಬಹುತೇಕ ಇದ್ದೇ ಇರುತ್ತದೆ. ಕೆಮ್ಮು ಬದಲಾಗಿದೆಯೇ ಎಂದು ಕೇಳಬೇಕು, ಅದೂ ಮನೆಯವರನ್ನು. ಇನ್ನು ದನಿ. ಎಡಗಡೆಯ ಧ್ವನಿತಂತುವನ್ನು ಆಡಿಸುವ ನರ ಎದೆಯೊಳಕ್ಕಿಳಿದು, ಮಹಾಪಧಮನಿಯ (ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ) ಕಮಾನನ್ನು ಬಳಸಿ ಮತ್ತೆ ಗಂಟಲಿಗೇರುತ್ತದೆ. ಆ ತಿರುವಿನಲ್ಲಿ ಗೆಡ್ಡೆಯೋ ಊದಿದ ದುಗ್ಧರಸ ಗ್ರಂಥಿಯೋ (ಲಿಂಫ್ ನೋಡ್) ಒತ್ತಿದರೆ ದನಿ ಒಡೆಯುತ್ತದೆ. ಎರಡು ತಿಂಗಳು ಉಪ್ಪುನೀರು ಮುಕ್ಕಳಿಸಿದರೂ ಅವರ ದನಿ ತಿಳಿಯಾಗಿರಲಿಲ್ಲ. ಮೂರು ವಾರ ಮೀರಿದ ದನಿ ಒಡಕಿಗೆ ಗಂಟಲಷ್ಟೇ ಅಲ್ಲ, ಎದೆಯನ್ನೂ ನೋಡಿಸಬೇಕು.

ಎರಡೂ ತೋರುಬೆರಳ ಉಗುರುಗಳನ್ನು ಬೆನ್ನಿಗೆ ಬೆನ್ನು ತಾಗಿಸಿ ಹಿಡಿಯಲು ಹೇಳಿದೆ. ಉಗುರಿನ ಬುಡದಲ್ಲಿ ವಜ್ರದಾಕಾರದ ಸಣ್ಣ ಕಿಂಡಿ ಕಾಣಬೇಕು, ಕಾಣಲಿಲ್ಲ. ಬೆರಳ ತುದಿ ಊದಿದ ಗುರುತು ಅದು, ಶ್ವಾಸಕೋಶದ ಕ್ಯಾನ್ಸರ್‌ನ ಒಂದು ಸುಳಿವು. ಇದೊಂದರಿಂದ ಏನೂ ಖಚಿತವಾಗದು. ಬೇರೆ ಶ್ವಾಸಕೋಶದ, ಹೃದಯದ ಕಾಯಿಲೆಗಳಲ್ಲೂ ಹೀಗಾಗುತ್ತದೆ.

ಕೊಟ್ಟ ಸಲಹೆ: ಆ ವಾರವೇ ಎದೆಯ ಎಕ್ಸ್‌ರೇ, ಕಫ ಪರೀಕ್ಷೆ ಎರಡೂ. ಎಕ್ಸ್‌ರೇಯಲ್ಲಿ ಕಲೆ ಕಂಡಕೂಡಲೇ ಟಿಬಿ ಮಾತ್ರೆ ಶುರುವಾಗಿ ತಿಂಗಳುಗಟ್ಟಲೆ ಕಳೆದುಹೋಗುವುದುಂಟು. ಕಫದಲ್ಲಿ ಟಿಬಿ ಸಿಗದಿದ್ದರೆ, ಅಥವಾ ಮಾತ್ರೆ ನುಂಗಿ ಎರಡು ತಿಂಗಳಾದರೂ ಗುಣ ಕಾಣದಿದ್ದರೆ, ಸಿಟಿ ಸ್ಕ್ಯಾನ್ ಬೇಕೇ ಎಂದು ವೈದ್ಯರನ್ನು ಕೇಳಿ. ಎಕ್ಸ್‌ರೇ ಸರಿಯಿದೆ ಎಂದರೂ ಲಕ್ಷಣ ಉಳಿದಿದ್ದರೆ ಕೇಳಲೇಬೇಕು. ಹೃದಯದ ಹಿಂದಿನ ಗೆಡ್ಡೆ ಎಕ್ಸ್‌ರೇಯಲ್ಲಿ ಮರೆಯಾಗಬಹುದು.

ಸಲಹೆಗಾರರು ಹೆದರಿಸಬಾರದು ಎಂಬ ಆಕ್ಷೇಪ ಆಮೇಲೆ ಬಂತು. ಕ್ಯಾನ್ಸರ್ ಎಂಬ ಪದವನ್ನು ನಾನು ಎತ್ತಿರಲಿಲ್ಲ, ಅದನ್ನು ಹೇಳಬೇಕಾದ್ದು ಬಯಾಪ್ಸಿ (ಗೆಡ್ಡೆಯ ಚೂರು ತೆಗೆದು ಮಾಡುವ ಪರೀಕ್ಷೆ) ವರದಿ. ಆದರೆ 'ಮೊದಲು ಬೀಡಿ ಬಿಡಿ, ಆಮೇಲೆ ನೋಡೋಣ' ಎಂದು ಕಳಿಸಲು ಮನಸ್ಸು ಒಪ್ಪಲಿಲ್ಲ. ಕಫದಲ್ಲಿ ರಕ್ತದ ಗೆರೆ ಒಂದೇ ಸಲ ಕಂಡರೂ, ಒಂದೇ ಜಾಗದಲ್ಲಿ ನ್ಯುಮೋನಿಯಾ ಮರುಕಳಿಸಿದರೂ, ಭುಜದ ನೋವು ತೋಳಿಗಿಳಿದು ಮುಲಾಮಿಗೆ ಜಗ್ಗದಿದ್ದರೂ ಈ ಪರೀಕ್ಷೆಗಳನ್ನೇ ಹೇಳುತ್ತೇನೆ. ಬೀಡಿ ಮುಟ್ಟದ ಹೆಂಗಸರಿಗೂ ಹೇಳುತ್ತೇನೆ; ಅವರಿಗೆ ಈ ಕಾಯಿಲೆ ಇರಬಹುದೆಂಬ ಅನುಮಾನವೇ ಯಾರಿಗೂ ಬರುವುದಿಲ್ಲ.

ಸಿಟಿ ಸ್ಕ್ಯಾನ್‌ನಲ್ಲಿ ಆ ರೈತರ ಎಡ ಶ್ವಾಸಕೋಶದ ಮೇಲ್ಭಾಗದಲ್ಲಿ ಗೆಡ್ಡೆ ಕಂಡಿತು. ಆಪರೇಷನ್ನಿನ ಹಂತ ದಾಟಿತ್ತು. ಕಿಮೋ, ರೇಡಿಯೇಷನ್ ಶುರುವಾದವು. "ಇನ್ನು ಬೀಡಿ ಬಿಟ್ಟು ಏನಾಗಬೇಕು?" ಎಂದರು. ಈಗ ಬಿಟ್ಟರೂ ಚಿಕಿತ್ಸೆ ಚೆನ್ನಾಗಿ ಹತ್ತುತ್ತದೆ, ಉಸಿರಾಟದ ತೊಂದರೆ, ಸೋಂಕು ಕಡಿಮೆಯಾಗುತ್ತವೆ ಎಂದು ಹೇಳಿ, ತಂಬಾಕು ಬಿಡುವವರ ಉಚಿತ ಸಹಾಯವಾಣಿ 1800-112-356 ಬರೆದುಕೊಟ್ಟೆ.