ಅಜ್ಜನ ಕೋವಿ ಅಪ್ಪನಿಂದ ನನ್ನ ಹೆಸರಿಗೆ ತಾನಾಗಿಯೇ ಬರುತ್ತಾ?

ಅಪ್ಪನಿಗೆ 72 ವರ್ಷ, ಅಜ್ಜನ ಕಾಲದ ಕೋವಿಯ ಲೈಸೆನ್ಸ್ ಈಗ ಅವರ ಹೆಸರಿನಲ್ಲಿದೆ, ಮುಂದೆ ಅದು ನನಗೆ ಬರುತ್ತಾ ಅಂತ ಕೇಳಿದ್ದೀರಿ. ತಾನಾಗಿಯೇ ಬರುವುದಿಲ್ಲ. ತೋಟ, ಮನೆ ಬಂದ ಹಾಗಲ್ಲ ಇದು. ಆದರೆ ಸರಿಯಾದ ಹೊತ್ತಿಗೇ ಕೇಳಿದ್ದೀರಿ. ನಾವು ತಡ ಮಾಡಿ ಪಾಡು ಪಟ್ಟವರು.

ನಮ್ಮದು ಮಲೆನಾಡಿನ ಅಡಿಕೆ ತೋಟ. ಮಂಗ, ಹಂದಿ ಹೆದರಿಸಲು ಅಜ್ಜ ತಂದದ್ದು ಒಂಟಿ ನಳಿಗೆಯ ಕೇಪಿನ ಕೋವಿ, ನಳಿಗೆಯ ಬಾಯಿಂದ ಮಸಿ (ಮದ್ದಿನ ಪುಡಿ) ತುಂಬುವಂಥದ್ದು. ಕೆನ್ನೆ ತಾಗುವ ಜಾಗದಲ್ಲಿ ಮರ ಸವೆದು ನುಣ್ಣಗಾಗಿದೆ. ಅಪ್ಪ ಆಯುಧಪೂಜೆಗೆ ಅದನ್ನು ಇಳಿಸಿ, ಕೊಬ್ಬರಿ ಎಣ್ಣೆ ಒರೆಸಿ, ಕತ್ತಿ ಹಾರೆಗಳ ಪಕ್ಕ ಇಟ್ಟು ಕುಂಕುಮ ಹಚ್ಚುತ್ತಿದ್ದರು. ಅವರು ತೀರಿಕೊಂಡ ಮೇಲೆ ಯಾರಿಗೂ ಅದರ ನೆನಪೇ ಆಗಲಿಲ್ಲ. ಏಳು ತಿಂಗಳ ಮೇಲೆ ಚುನಾವಣೆ ಬಂತು. ಕೋವಿಯನ್ನು ಠಾಣೆಗೆ ಒಪ್ಪಿಸಿ ಅಂತ ಅಪ್ಪನ ಹೆಸರಿಗೇ ನೋಟಿಸ್ ಬಂತು. ಆಗ ತಲೆಗೆ ಹೋಯ್ತು, ಇಷ್ಟು ದಿನ ಅಟ್ಟದ ಮೇಲಿದ್ದದ್ದು ಲೈಸೆನ್ಸ್ ಇಲ್ಲದ ಕೋವಿ ಅಂತ.

ಲೈಸೆನ್ಸ್ ಇರುವುದು ಮನುಷ್ಯನಿಗೆ, ಕೋವಿಗಲ್ಲ. ಅವರು ಹೋದರೆ ಅದೂ ಹೋಯ್ತು. 1959ರ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಮಿನ ಪ್ರಕಾರ ಮನೆಯವರು ತಡ ಮಾಡದೆ ಅದನ್ನು ಹತ್ತಿರದ ಠಾಣೆಗೋ ಲೈಸೆನ್ಸ್ ಇರುವ ಡೀಲರ್ ಹತ್ತಿರವೋ ಒಪ್ಪಿಸಬೇಕು. ಹೆದರಬೇಡಿ, ಒಪ್ಪಿಸಿದರೆ ಕೋವಿ ಕೈತಪ್ಪುವುದಿಲ್ಲ. ನಿಮ್ಮ ಹೆಸರಿಗೆ ಲೈಸೆನ್ಸ್ ಆದ ಮೇಲೆ ವಾಪಸ್ ಪಡೆಯಬಹುದು, ಬೇಡವಾದರೆ ಮಾರಲೂಬಹುದು.

ಈಗ ನಿಮ್ಮ ವಿಷಯ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ 25ನೆಯದನ್ನು ಓದಿ. ಲೈಸೆನ್ಸ್ ಇರುವವರಿಗೆ 70 ವರ್ಷ ತುಂಬಿದ್ದರೆ, ಅಥವಾ ಅವರು ಆ ಕೋವಿಯನ್ನು 25 ವರ್ಷ ಇಟ್ಟುಕೊಂಡಿದ್ದರೆ, ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಲೈಸೆನ್ಸ್ ಮಾಡಿಸಬಹುದು. ನಿಮ್ಮ ತಂದೆಗೆ 72 ಆಗಿದೆ, ಅಲ್ವಾ? ಅಪ್ಪನೇ ಮುಂದೆ ನಿಂತು ಅರ್ಜಿ ಹಾಕಿಸಿದರೆ ಅಣ್ಣತಮ್ಮಂದಿರ ಒಪ್ಪಿಗೆ ಪತ್ರಗಳೂ ಸಲೀಸಾಗಿ ಸಿಗುತ್ತವೆ. ನಮ್ಮಲ್ಲಿ ಅದಕ್ಕೇ ಜಾಸ್ತಿ ದಿನ ಹಿಡಿದದ್ದು. ತೋಟ ನೋಡಿಕೊಳ್ಳುವವಳು ತಂಗಿ, ಹಾಗಾಗಿ ಕೋವಿ ಅವಳ ಹೆಸರಿಗೆ ಅಂದೆ. ಹೆಣ್ಣು ಮಕ್ಕಳಿಗ್ಯಾಕೆ ಕೋವಿ ಅಂತ ಚಿಕ್ಕಪ್ಪ ಮುಖ ಊದಿಸಿಕೊಂಡರು. ವಾರಸುದಾರರಲ್ಲಿ ಮಗಳೂ ಬರುತ್ತಾಳೆ, 21 ತುಂಬಿರಬೇಕು ಅಷ್ಟೇ.

ಇನ್ನೊಂದು, ಕೋವಿಯ ನಂಬರನ್ನು ಈಗಲೇ ಒಳ್ಳೆ ಬೆಳಕಿನಲ್ಲಿ ನೋಡಿ ಲೈಸೆನ್ಸ್ ಪುಸ್ತಕದ ಜೊತೆ ತಾಳೆ ಹಾಕಿ. ನಮ್ಮದರಲ್ಲಿ 3 ಸವೆದು 8ರ ಹಾಗೆ ಕಾಣುತ್ತಿತ್ತು. ಅದೊಂದಕ್ಕೇ ನಾಲ್ಕು ಸಲ ಓಡಾಡಿದ್ದೇವೆ. ಮನೆಯಲ್ಲಿ ಎರಡು ಮೂರು ಕೋವಿ ಇದ್ದರೆ ಇದೂ ಗೊತ್ತಿರಲಿ: 2019ರ ತಿದ್ದುಪಡಿಯ ನಂತರ ಒಬ್ಬರ ಹೆಸರಿನಲ್ಲಿ ಎರಡಕ್ಕಿಂತ ಹೆಚ್ಚು ಇರುವಂತಿಲ್ಲ, ಪಿತ್ರಾರ್ಜಿತವಾದರೂ ಅಷ್ಟೇ.

'ಕೊಡಗಿನವರಿಗೆ ಲೈಸೆನ್ಸೇ ಬೇಡವಂತಲ್ಲ' ಅಂತ ಯಾರಾದರೂ ಹೇಳಬಹುದು. ನಿಜ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನಿನ) ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ವಿನಾಯಿತಿ ಇದೆ, ಈಗಿನದು 2029ರವರೆಗೆ. ಕೈಲ್‌ಪೊಳ್ದ್ ಅನ್ನುವ ಆಯುಧ ಪೂಜೆಯ ಹಬ್ಬದ ದಿನ ಅಲ್ಲಿ ತೋಕಿಗೆ, ಅಂದರೆ ಕೋವಿಗೆ, ಹೂವಿಟ್ಟು ಪೂಜೆ ಮಾಡುವುದನ್ನು ನೋಡಬೇಕು, ಚೆಂದ. ಆದರೆ ಆ ವಿನಾಯಿತಿ ನಮಗೂ ನಿಮಗೂ ಸಿಗುವುದಿಲ್ಲ.

ಕೊನೆಗೆ, ಕೇಪಿನ ಕೋವಿಯಾದರೆ ಅದು ಖಾಲಿ ಅಂತ ಸುಮ್ನೆ ನಂಬಬೇಡಿ. ಗೊತ್ತಿರುವವರಿಂದ ನೋಡಿಸಿ. ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಒಬ್ಬರು ನಮ್ಮ ಕೋವಿಯ ನಳಿಗೆಗೆ ಗಜ (ಮಸಿ ಒತ್ತುವ ಉದ್ದ ಸರಳು) ಇಳಿಸಿದರು. ಅದು ತಳ ಮುಟ್ಟುವ ಮೊದಲೇ ನಿಂತಿತು. ಅಪ್ಪ ಮಂಗಗಳಿಗೆ ಅಂತ ತುಂಬಿಟ್ಟಿದ್ದ ಮಸಿ ಇನ್ನೂ ಒಳಗೇ ಇತ್ತು.