ಸೋಲುವ ತಂಡದ ಊರಿಗೆ ಬಂದ ತಮ್ಮನಿಗೆ

ನೀನು ಕೇಳಿದ ಪ್ರಶ್ನೆಗಳಲ್ಲಿ ಬಾಡಿಗೆ, ಚಳಿ, ಕಾರು, ವಿಮೆ ಇವಕ್ಕೆಲ್ಲ ಉತ್ತರಿಸುವವರು ಅಮೆರಿಕದ ಈ ಪಿಟ್ಸ್‌ಬರ್ಗಿನಲ್ಲಿ ಬಹಳ ಜನ ಇದ್ದಾರೆ. ನಾನು ಬರೆಯಲು ಕುಳಿತದ್ದು ನೀನು ಕೊನೆಯಲ್ಲಿ ಸಂಕೋಚದಿಂದ ಕೇಳಿದ ಪ್ರಶ್ನೆಗೆ. ಇಲ್ಲಿಯ ಓಕ್‌ಲ್ಯಾಂಡ್ ಬಡಾವಣೆಯ ಪ್ರಯೋಗಾಲಯದಲ್ಲಿ ನಿನ್ನ ಜೊತೆ ಕೆಲಸ ಮಾಡುವವರು ಬೆಳಿಗ್ಗೆ ಬಂದ ಕೂಡಲೇ ಪೈರೇಟ್ಸ್ ಎಂಬ ಬೇಸ್‌ಬಾಲ್ ತಂಡವನ್ನು ಬೈಯಲು ತೊಡಗುತ್ತಾರೆ, ಸಂಜೆ ಅದೇ ತಂಡದ ಪಂದ್ಯಕ್ಕೆ ಹೋಗುತ್ತಾರೆ, ಈಗ ನಿನ್ನನ್ನೂ ಕರೆಯುತ್ತಿದ್ದಾರೆ. ‘ಸದಾ ಸೋಲುವ ತಂಡವನ್ನು ಇವರು ಯಾಕೆ ಇಷ್ಟು ಹಚ್ಚಿಕೊಂಡಿದ್ದಾರೆ? ಹೊರಗಿನವನಾದ ನಾನು ಅಲ್ಲಿ ಹೋಗಿ ಏನು ಮಾಡಲಿ, ಅಕ್ಕಾ?’ ಎಂದು ಕೇಳಿದ್ದೀಯ. ಅಕ್ಕಾ ಎಂದು ಕರೆದಿರುವುದರಿಂದ ಏಕವಚನದಲ್ಲೇ ಬರೆಯುತ್ತೇನೆ.

ಹೋಗು. ಆದರೆ ಅವರ ಸಿಟ್ಟಿನ ಬೇರು ಎಲ್ಲಿದೆ ಎಂದು ತಿಳಿದುಕೊಂಡು ಹೋಗು. ಈ ಊರಿನವರನ್ನು ಅರಿಯಲು ಅದಕ್ಕಿಂತ ಹತ್ತಿರದ ದಾರಿ ನನಗೆ ಗೊತ್ತಿಲ್ಲ.

ನಾವು ಇಲ್ಲಿಗೆ ಬಂದದ್ದು ತೊಂಬತ್ತರ ದಶಕದ ನಡುವಿನಲ್ಲಿ. ಉಕ್ಕಿನ ಕಾರ್ಖಾನೆಗಳಲ್ಲಿ ಹೆಚ್ಚಿನವು ಅಷ್ಟರಲ್ಲಿ ಬಾಗಿಲು ಮುಚ್ಚಿದ್ದವು. 1950ರಲ್ಲಿ ಆರೂಮುಕ್ಕಾಲು ಲಕ್ಷ ಜನರಿದ್ದ ನಗರ ಇದು. 2020ರ ಗಣತಿಯಲ್ಲಿ ಉಳಿದದ್ದು ಮೂರು ಲಕ್ಷದಷ್ಟು. ಮಕ್ಕಳು ಕೆಲಸ ಹುಡುಕಿಕೊಂಡು ಬೇರೆ ರಾಜ್ಯಗಳಿಗೆ ಹೋದರು, ಹಿರಿಯರು ಮನೆಗಳನ್ನು ಕಾಯುತ್ತ ಉಳಿದರು. ನಮ್ಮ ಪಕ್ಕದ ಮನೆಯ ಹಿರಿಯರು ಅಂಥವರಲ್ಲಿ ಒಬ್ಬರು. ಕಾರ್ಖಾನೆ ಮುಚ್ಚಿದ ಮೇಲೆ ಶಾಲಾ ಬಸ್ ಓಡಿಸುತ್ತಿದ್ದರು. ಬೇಸಿಗೆಯ ಸಂಜೆ ಅವರ ಜಗಲಿಯಲ್ಲಿ ರೇಡಿಯೋ ಹಾಡುತ್ತಿರಲಿಲ್ಲ, ಪೈರೇಟ್ಸ್ ಪಂದ್ಯದ ವಿವರಣೆ ಹೇಳುತ್ತಿತ್ತು. ನನಗೆ ಈ ಆಟದ ಅಕ್ಷರಾಭ್ಯಾಸ ಆದದ್ದು ಅದೇ ಜಗಲಿಯಲ್ಲಿ.

ಅವರು ಮೊದಲು ಹೇಳಿದ್ದು 1992ರ ಅಕ್ಟೋಬರ್ 14ರ ರಾತ್ರಿಯ ಕಥೆ. ಈ ಊರಿನಲ್ಲಿ ನಲವತ್ತೈದು ದಾಟಿದ ಯಾರನ್ನು ಕೇಳಿದರೂ ಅದನ್ನು ಹೇಳುತ್ತಾರೆ. ವರ್ಲ್ಡ್ ಸೀರೀಸ್‌ಗೆ, ಅಂದರೆ ಚಾಂಪಿಯನ್ ಯಾರೆಂದು ನಿರ್ಧರಿಸುವ ಅಂತಿಮ ಸರಣಿಗೆ, ಹೋಗುವವರು ಯಾರೆಂದು ತೀರ್ಮಾನವಾಗುವ ಏಳನೆಯ ಪಂದ್ಯ, ಅಟ್ಲಾಂಟಾ ತಂಡದ ವಿರುದ್ಧ ಅವರದೇ ಊರಿನಲ್ಲಿ. ಕೊನೆಯದಾದ ಒಂಬತ್ತನೆಯ ಇನ್ನಿಂಗ್ಸ್‌ನ ಎರಡನೆಯ ಅರ್ಧ ಶುರುವಾದಾಗ ಪೈರೇಟ್ಸ್ 2-0 ಮುಂದಿತ್ತು. ಒಂದು ರನ್ ಬಂತು. ಇಬ್ಬರು ಔಟಾದರು, ಇನ್ನೊಬ್ಬ ಔಟಾದರೆ ಗೆಲುವು. ಫ್ರಾನ್ಸಿಸ್ಕೋ ಕಬ್ರೇರಾ ಎಂಬ, ಆ ಋತುವಿನಲ್ಲಿ ಹೆಚ್ಚು ಆಡಿಯೇ ಇರದ ಆಟಗಾರ ಚೆಂಡನ್ನು ಎಡಕ್ಕೆ ಹೊಡೆದ. ಮೂರನೆಯ ಬೇಸ್‌ನಲ್ಲಿದ್ದವನು ಬಂದು 2-2 ಆಯಿತು, ಅವನ ಹಿಂದೆಯೇ ಎರಡನೆಯ ಬೇಸ್‌ನಿಂದ ಓಡಿ ಬಂದವನು ಸಿಡ್ ಬ್ರೀಮ್. ಹಿಂದೆ ಪೈರೇಟ್ಸ್‌ನಲ್ಲೇ ಆಡಿದ್ದವನು, ಮೊಣಕಾಲಿನ ಶಸ್ತ್ರಚಿಕಿತ್ಸೆಗಳಾಗಿ ನಿಧಾನವಾಗಿದ್ದವನು. ಪೈರೇಟ್ಸ್‌ನ ತಾರೆ ಬ್ಯಾರಿ ಬಾಂಡ್ಸ್ ಎಸೆದ ಚೆಂಡು ಬರುವುದಕ್ಕೂ ಬ್ರೀಮ್‌ನ ಕಾಲು ರನ್ ಪೂರ್ತಿಯಾಗುವ ಹೋಮ್ ಪ್ಲೇಟ್ ಮುಟ್ಟುವುದಕ್ಕೂ ಕೂದಲೆಳೆಯ ಅಂತರ. 3-2, ಅಟ್ಲಾಂಟಾಗೆ ಗೆಲುವು. ಎರಡು ತಿಂಗಳಾಗುವಷ್ಟರಲ್ಲಿ ಬಾಂಡ್ಸ್ 43.75 ಮಿಲಿಯನ್ ಡಾಲರ್‌ಗಳ ಒಪ್ಪಂದಕ್ಕೆ ಸ್ಯಾನ್ ಫ್ರಾನ್ಸಿಸ್ಕೋ ಸೇರಿದ. ಅವನನ್ನು ಉಳಿಸಿಕೊಳ್ಳುವಷ್ಟು ಹಣ ಇಲ್ಲಿ ಯಾರೂ ಬಿಚ್ಚಲಿಲ್ಲ.

ಅಲ್ಲಿಂದ ಮುಂದೆ ಇಪ್ಪತ್ತು ವರ್ಷ. 1993ರಿಂದ 2012ರವರೆಗೆ ಒಂದೇ ಒಂದು ಋತುವಿನಲ್ಲೂ ಈ ತಂಡ ಸೋತದ್ದಕ್ಕಿಂತ ಹೆಚ್ಚು ಪಂದ್ಯ ಗೆಲ್ಲಲಿಲ್ಲ. ಅಮೆರಿಕದ ದೊಡ್ಡ ವೃತ್ತಿಪರ ಕ್ರೀಡೆಗಳಲ್ಲಿ ಬೇರೆ ಯಾವ ತಂಡಕ್ಕೂ ಇಷ್ಟು ಉದ್ದದ ಸೋಲಿನ ಸರಣಿ ಇಲ್ಲ. ಒಂದು ಋತುವಿಗೆ 162 ಪಂದ್ಯ ಎನ್ನುವುದನ್ನು ನೆನಪಿಟ್ಟುಕೋ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಹೆಚ್ಚುಕಡಿಮೆ ದಿನವೂ ಆಟ. ಸೋಲು ಇಲ್ಲಿ ವರ್ಷಕ್ಕೊಮ್ಮೆ ಬಂದು ಹೋಗುವ ದುಃಖವಲ್ಲ, ಬೆಳಗಿನ ಕಾಫಿಯ ಜೊತೆಗೇ ಬರುತ್ತದೆ. ನನ್ನ ಮಗ ಹುಟ್ಟಿದ್ದು, ಶಾಲೆ ಸೇರಿದ್ದು, ಪ್ರೌಢಶಾಲೆ ಮುಗಿಸಿದ್ದು ಎಲ್ಲವೂ ಆ ಸರಣಿಯ ಒಳಗೇ. ಅದೇ ಅವಧಿಯಲ್ಲಿ ಇದೇ ಊರಿನ ಫುಟ್‌ಬಾಲ್ ತಂಡ ಸ್ಟೀಲರ್ಸ್ ಎರಡು ಬಾರಿ ಸೂಪರ್ ಬೌಲ್ ಗೆದ್ದಿತು, ಐಸ್ ಹಾಕಿ ತಂಡ ಪೆಂಗ್ವಿನ್ಸ್ 2009ರಲ್ಲಿ ಸ್ಟ್ಯಾನ್ಲಿ ಕಪ್ ತಂದಿತು. ಹಾಗಾಗಿ ಇವರಿಗೆ ಗೆಲುವು ಗೊತ್ತಿಲ್ಲ ಎಂದುಕೊಳ್ಳಬೇಡ. ಗೆಲುವು ಹೇಗೆ ಬರುತ್ತದೆ ಎಂದು ಚೆನ್ನಾಗಿ ಗೊತ್ತಿರುವುದರಿಂದಲೇ ಪೈರೇಟ್ಸ್ ಮೇಲೆ ಇಷ್ಟು ಕೋಪ.

ನೀನು ಬೆಂಗಳೂರಿನಲ್ಲಿ ಓದಿದವನು. ಆರ್‌ಸಿಬಿಗಾಗಿ ಹದಿನೇಳು ಋತು ಕಾದ ಜನರ ನಡುವೆ ಬೆಳೆದಿದ್ದೀಯ. ಹಾಗಾಗಿ ಇದು ಅದೇ ಕಥೆ ಎಂದು ನಿನಗೆ ಅನ್ನಿಸಬಹುದು. ಅಲ್ಲ. 2009, 2011, 2016ರಲ್ಲಿ ನಮ್ಮವರು ಫೈನಲ್‌ಗೆ ಹೋಗಿ ಸೋತರು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬ್ ಕಿಂಗ್ಸ್ ವಿರುದ್ಧ ಗೆದ್ದರು. (ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಹನ್ನೊಂದು ಜನ ನೂಕುನುಗ್ಗಲಿನಲ್ಲಿ ಸತ್ತದ್ದನ್ನು ನೆನೆದರೆ ಆ ಸಂತೋಷ ಗಂಟಲಲ್ಲೇ ನಿಲ್ಲುತ್ತದೆ.) ಸೋತ ವರ್ಷಗಳಲ್ಲೂ ಗೆಲ್ಲಲು ಹೊರಟ ತಂಡವಾಗಿತ್ತು ಅದು. ಐಪಿಎಲ್‌ನಲ್ಲಿ ಆಟಗಾರರ ಮೇಲೆ ಖರ್ಚು ಮಾಡಲು ಹತ್ತು ತಂಡಗಳಿಗೂ ಒಂದೇ ಮಿತಿ ಇರುತ್ತದೆ. ಬೇಸ್‌ಬಾಲ್‌ನಲ್ಲಿ ಹಾಗಿಲ್ಲ. ಸಂಬಳಕ್ಕೆ ಕಟ್ಟುನಿಟ್ಟಿನ ಮೇಲ್ಮಿತಿಯೂ ಇಲ್ಲ, ಇಷ್ಟಾದರೂ ಖರ್ಚು ಮಾಡಲೇಬೇಕು ಎಂಬ ಕೆಳಮಿತಿಯೂ ಇಲ್ಲ. ನ್ಯೂಯಾರ್ಕ್ ಮೆಟ್ಸ್ 2024ರ ಡಿಸೆಂಬರ್‌ನಲ್ಲಿ ಹ್ವಾನ್ ಸೋಟೋ ಒಬ್ಬನಿಗೇ 765 ಮಿಲಿಯನ್ ಡಾಲರ್ ಕೊಟ್ಟಿತು. ಪೈರೇಟ್ಸ್ ತನ್ನ ಇತಿಹಾಸದಲ್ಲಿ ಮೊದಲ ಬಾರಿ ಒಬ್ಬ ಆಟಗಾರನಿಗೆ 100 ಮಿಲಿಯನ್ ದಾಟಿದ ಒಪ್ಪಂದ ಕೊಟ್ಟದ್ದು 2023ರಲ್ಲಿ, ಬ್ರಯನ್ ರೆನಾಲ್ಡ್ಸ್‌ಗೆ. ಅದೂ ಎಂಟು ವರ್ಷಗಳಿಗೆ ಒಟ್ಟು 106.75 ಮಿಲಿಯನ್.

ಇನ್ನೂ ಒಳಗಿನ ಲೆಕ್ಕ ಬೇರೆ ಇದೆ. ಹೊಸ ಆಟಗಾರ ಮೇಜರ್ ಲೀಗ್ ಎಂಬ ಅತ್ಯುನ್ನತ ಹಂತಕ್ಕೆ ಬಂದ ಮೇಲೆ ಸುಮಾರು ಆರು ವರ್ಷ ಅದೇ ತಂಡದ ಹಿಡಿತದಲ್ಲಿರುತ್ತಾನೆ, ಮೊದಲ ವರ್ಷಗಳಲ್ಲಂತೂ ಸಂಬಳ ತೀರ ಕಡಿಮೆ. ಸೋತ ತಂಡಗಳಿಗೆ ಹೊಸ ಪ್ರತಿಭೆಗಳನ್ನು ಆರಿಸುವ ಸರದಿ ಮುಂಚಿತವಾಗಿ ಸಿಗುತ್ತದೆ. ಶ್ರೀಮಂತ ತಂಡಗಳ ಆದಾಯದಲ್ಲಿ ಒಂದು ಪಾಲು ಸಣ್ಣ ಊರಿನ ತಂಡಗಳಿಗೆ ಬರುತ್ತದೆ. ಇದೆಲ್ಲ ಸಮಾನತೆಗೆಂದು ಮಾಡಿದ ಏರ್ಪಾಡು. ಆದರೆ ಗೆಲ್ಲುವ ಹಟವಿಲ್ಲದ ಮಾಲೀಕನ ಕೈಗೆ ಸಿಕ್ಕರೆ ಇದೇ ಏರ್ಪಾಡು ಸೋಲುತ್ತಲೇ ಬದುಕುವ ದಾರಿಯಾಗುತ್ತದೆ. ಸಸಿ ನೆಟ್ಟು, ನೀರೆರೆದು, ಅಡಿಕೆ ಗೊನೆ ಬಿಡುವ ವರ್ಷಕ್ಕೆ ಸರಿಯಾಗಿ ತೋಟವನ್ನು ಮಾರಿ ಮತ್ತೆ ಸಸಿ ತರುವ ವ್ಯವಹಾರ ಇದು. 2010ರಲ್ಲಿ ತಂಡದ ಲೆಕ್ಕಪತ್ರಗಳು ಹೊರಬಿದ್ದಾಗ, 2007 ಮತ್ತು 2008ರ ಎರಡು ಸೋಲಿನ ಋತುಗಳಲ್ಲಿ ಒಟ್ಟು 29.4 ಮಿಲಿಯನ್ ಡಾಲರ್ ಲಾಭವಾಗಿತ್ತು ಎಂದು ತಿಳಿಯಿತು. ಆ ದಿನ ನಮ್ಮ ಪಕ್ಕದ ಮನೆಯವರು ರೇಡಿಯೋ ಹಚ್ಚಲಿಲ್ಲ. ‘ಸೋಲು ನನಗೆ ಅಭ್ಯಾಸ. ಆದರೆ ಇವರು ಗೆಲ್ಲಲು ನೋಡುತ್ತಲೇ ಇಲ್ಲವಲ್ಲ’ ಎಂದರು. ನಿನ್ನ ಸಹೋದ್ಯೋಗಿಗಳು ದಿನವೂ ಬೇರೆ ಬೇರೆ ಮಾತಿನಲ್ಲಿ ಹೇಳುತ್ತಿರುವುದು ಇಷ್ಟನ್ನೇ.

ಆ ಮಾಲೀಕತ್ವ 2007ರಿಂದ ಬಾಬ್ ನಟಿಂಗ್ ಅವರದು. ಅದೇ ವರ್ಷದ ಜೂನ್ 30ರಂದು ಪ್ರೇಕ್ಷಕರಲ್ಲಿ ಒಂದು ಗುಂಪು ಮೂರನೆಯ ಇನ್ನಿಂಗ್ಸ್ ಮುಗಿದ ಕೂಡಲೇ ಆಸನ ಬಿಟ್ಟೆದ್ದು ಪ್ರತಿಭಟಿಸಿತು. ಈಗಲೂ ಪಂದ್ಯದ ನಡುವೆ ತಂಡವನ್ನು ಮಾರಿಬಿಡಿ ಎಂದು ಜನ ಒಕ್ಕೊರಲಿನಿಂದ ಕೂಗುವುದನ್ನು ನೀನು ಕೇಳುತ್ತೀಯ. ಕೇಳಿ ಗಾಬರಿಯಾಗಬೇಡ. ಪಂದ್ಯ ನಡೆಯುವ ಪಿಎನ್‌ಸಿ ಪಾರ್ಕ್ ಕಟ್ಟಿದ್ದು ಬಹುಪಾಲು ಸಾರ್ವಜನಿಕ ಹಣದಲ್ಲಿ. 1997ರಲ್ಲಿ ಅದಕ್ಕೆಂದು ಮಾರಾಟ ತೆರಿಗೆ ಏರಿಸುವ ಪ್ರಸ್ತಾವವನ್ನು ಇಲ್ಲಿಯ ಮತದಾರರು ತಿರಸ್ಕರಿಸಿದ್ದರು. ಆಮೇಲೆ ಬೇರೆ ದಾರಿಯಲ್ಲಿ ಹಣ ಒದಗಿಸಲಾಯಿತು. ಹೊಸ ಕ್ರೀಡಾಂಗಣ ಬಂದರೆ ಆದಾಯ ಬರುತ್ತದೆ, ಆದಾಯ ಬಂದರೆ ಒಳ್ಳೆಯ ಆಟಗಾರರು ಬರುತ್ತಾರೆ ಎಂಬ ಮಾತು ಆಗ ಕೊಟ್ಟದ್ದು. 2001ರಲ್ಲಿ ಅದರ ಬಾಗಿಲು ತೆರೆದ ವರ್ಷವೇ ತಂಡ ನೂರು ಪಂದ್ಯ ಸೋತಿತು. ತೆರಿಗೆ ಕಟ್ಟಿದವರಿಗೆ ಕೂಗುವ ಹಕ್ಕಿದೆ, ಮತ್ತು ಈಗ ನೀನೂ ಇಲ್ಲಿ ತೆರಿಗೆ ಕಟ್ಟುವವನೇ.

ನಡುವೆ ಮೂರು ವರ್ಷ ಬೆಳಕೂ ಇತ್ತು. 2013ರ ಅಕ್ಟೋಬರ್ 1ರಂದು ಸಿನ್ಸಿನಾಟಿಯ ವಿರುದ್ಧ ಪಂದ್ಯ. ಇಪ್ಪತ್ತೊಂದು ವರ್ಷಗಳ ನಂತರ ಮೊದಲ ಬಾರಿ ಪ್ಲೇಆಫ್. ಕ್ರೀಡಾಂಗಣ ಪೂರ್ತಿ ಕಪ್ಪು ಬಟ್ಟೆ ತೊಟ್ಟು ಬಂದಿತ್ತು. ಎದುರಾಳಿ ಪಿಚರ್, ಅಂದರೆ ಚೆಂಡು ಎಸೆಯುವವ, ಜಾನಿ ಕ್ವೆಟೊನ ಹೆಸರನ್ನು ಸಾವಿರಾರು ಜನ ರಾಗವಾಗಿ ಕೂಗುತ್ತಿದ್ದಾಗ ಅವನ ಕೈಯಿಂದ ಚೆಂಡು ಜಾರಿ ನೆಲಕ್ಕೆ ಬಿತ್ತು. ಮುಂದಿನ ಎಸೆತವನ್ನೇ ನಮ್ಮ ರಸೆಲ್ ಮಾರ್ಟಿನ್ ಹೋಮ್ ರನ್ ಹೊಡೆದ, ನಮ್ಮ ಸಿಕ್ಸರ್‌ನಂತೆ. ಆ ರಾತ್ರಿ ನಮ್ಮ ಬೀದಿಯಲ್ಲಿ ಜನ ಬಾಗಿಲು ತೆರೆದು ಹೊರಗೆ ಬಂದು ಪಾತ್ರೆ ಬಡಿದರು. 2014ರಲ್ಲೂ 2015ರಲ್ಲೂ ಒಂದೇ ಪಂದ್ಯದ ವೈಲ್ಡ್ ಕಾರ್ಡ್ ಸುತ್ತಿನಲ್ಲಿ ಸೋತರು. 2015ರಲ್ಲಿ ತಂಡ ಗೆದ್ದದ್ದು 98 ಪಂದ್ಯ! ಅಂಥ ತಂಡವನ್ನು ಇನ್ನಷ್ಟು ಬಲಪಡಿಸಬೇಕಾಗಿತ್ತು. ಬದಲಾಗಿ 2018ರ ಜನವರಿಯಲ್ಲಿ ಪಿಚರ್ ಗೆರಿಟ್ ಕೋಲ್‌ನನ್ನು ಹೂಸ್ಟನ್‌ಗೆ ಬಿಟ್ಟುಕೊಟ್ಟರು, ಎರಡು ದಿನ ಕಳೆಯುವುದರೊಳಗೆ ಊರಿನ ಕಣ್ಮಣಿ ಆಂಡ್ರೂ ಮೆಕಚನ್‌ನನ್ನು ಸ್ಯಾನ್ ಫ್ರಾನ್ಸಿಸ್ಕೋಗೆ ಬಿಟ್ಟುಕೊಟ್ಟರು. 2021ರಲ್ಲಿ 101 ಸೋಲು, 2022ರಲ್ಲಿ 100.

ಈಗಿನ ನೋವಿನ ಹೆಸರು ಪಾಲ್ ಸ್ಕೀನ್ಸ್. 2025ರಲ್ಲಿ ಅವನ ಎಸೆತಕ್ಕೆ ಎದುರಾಳಿಗಳು ಗಳಿಸಿದ್ದು ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ 1.97 ರನ್. ಮೇಜರ್ ಲೀಗ್‌ನ ಎರಡು ವಿಭಾಗಗಳಲ್ಲಿ ಒಂದಾದ ನ್ಯಾಷನಲ್ ಲೀಗ್‌ನ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಅವನಿಗೆ ಸರ್ವಾನುಮತದಿಂದ ಬಂತು. ಅವನ ಹೆಸರಿನ ಮುಂದಿರುವ ಗೆಲುವು ಹತ್ತು, ಸೋಲೂ ಹತ್ತು. ಅವನು ಎರಡು ರನ್ ಕೊಟ್ಟ ದಿನ ಬ್ಯಾಟ್ ಹಿಡಿದವರು ಒಂದು ರನ್ ತರುತ್ತಾರೆ. 2029ರ ಋತು ಮುಗಿದ ಮೇಲೆ ಅವನು ಸ್ವತಂತ್ರ. ಅಷ್ಟರೊಳಗೆ ಅವನನ್ನೂ ಮಾರುತ್ತಾರೆ ಎಂದು ಊರಿನವರು ಈಗಲೇ ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಿದ್ದಾರೆ. ಇಷ್ಟು ಎಳೆಯ ಆಟಗಾರನ ಆಟ ನೋಡುವಾಗಲೇ ವಿದಾಯವನ್ನು ಯೋಚಿಸಬೇಕಾಗಿರುವುದು ನನಗೆ ಅನ್ಯಾಯವಾಗಿ ಕಾಣುತ್ತದೆ.

ಅದೇ 2025ರಲ್ಲಿ ನಡೆದ ಇನ್ನೆರಡು ಸಂಗತಿಗಳು ಸೋಲಿಗಿಂತ ಹೆಚ್ಚು ನೋಯಿಸಿದವು. ಕ್ರೀಡಾಂಗಣದ ಬಲಗೋಡೆಯ ಮೇಲಿದ್ದ ತಂಡದ ಹಿಂದಿನ ಆಟಗಾರ ರೊಬರ್ಟೊ ಕ್ಲೆಮೆಂಟೆಯ ಅಂಗಿಯ ಸಂಖ್ಯೆ 21ರ ಚಿಹ್ನೆಯನ್ನು ತೆಗೆದು ಜಾಹೀರಾತು ಹಾಕಿದರು. ಕುಟುಂಬದವರೂ ಜನರೂ ಸಿಡಿದೆದ್ದ ಮೇಲೆ ಮರಳಿ ಬರೆಸಿದರು. ಕ್ರೀಡಾಂಗಣ ಕಟ್ಟುವ ಕಾಲಕ್ಕೆ ಅಭಿಮಾನಿಗಳು ಹಣ ಕೊಟ್ಟು ತಮ್ಮವರ ಹೆಸರು ಕೆತ್ತಿಸಿದ್ದ ಇಟ್ಟಿಗೆಗಳು ಮರುಬಳಕೆ ಘಟಕವೊಂದರಲ್ಲಿ ರಾಶಿ ಬಿದ್ದಿರುವುದು ಕಂಡುಬಂತು. ತೀರಿಕೊಂಡ ತಂದೆಯ ಹೆಸರನ್ನು ಅಲ್ಲಿ ಹಾಕಿಸಿದವರಿದ್ದರು.

ಕ್ಲೆಮೆಂಟೆ ಯಾರೆಂದು ನೀನು ತಿಳಿಯಲೇಬೇಕು. ಪೋರ್ಟೊ ರಿಕೊದಿಂದ ಬಂದವನು, ಇಂಗ್ಲಿಷ್ ಉಚ್ಚಾರಣೆಗಾಗಿ ಪತ್ರಿಕೆಗಳಿಂದ ಅಣಕಿಸಿಕೊಂಡವನು, ಹದಿನೆಂಟು ಋತು ಇದೇ ತಂಡದಲ್ಲಿ ಆಡಿ 3,000 ಹಿಟ್ (ಚೆಂಡು ಹೊಡೆದು ಬೇಸ್ ತಲುಪುವುದು) ಪೂರೈಸಿದವನು. 1972ರ ಡಿಸೆಂಬರ್ 31ರಂದು ನಿಕರಾಗುವದ ಭೂಕಂಪ ಸಂತ್ರಸ್ತರಿಗೆ ಸಾಮಗ್ರಿ ಒಯ್ಯುತ್ತಿದ್ದ ವಿಮಾನ ಸಮುದ್ರಕ್ಕೆ ಬಿದ್ದು ಸತ್ತ. ಹೊರಗಿನವನಾದ ನಾನು ಏನು ಮಾಡಲಿ ಎಂದು ಕೇಳಿದೆಯಲ್ಲ, ಈ ಊರು ಅತ್ಯಂತ ಹೆಚ್ಚು ಪ್ರೀತಿಸುವ ಆಟಗಾರನೂ ಹೊರಗಿನಿಂದ ಬಂದವನೇ. ನಮ್ಮ ದೇಶದವರೂ ಈ ತಂಡಕ್ಕೆ ಬಂದಿದ್ದರು: ಉತ್ತರ ಪ್ರದೇಶದ ಜಾವೆಲಿನ್ ಎಸೆತಗಾರರಾದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ 2008ರಲ್ಲಿ ಪೈರೇಟ್ಸ್ ಜೊತೆಗೇ ಒಪ್ಪಂದ ಮಾಡಿಕೊಂಡರು. ಮೇಜರ್ ಲೀಗ್‌ವರೆಗೆ ಏರಲಿಲ್ಲ. ಆದರೂ ಆ ಸುದ್ದಿ ಬಂದ ವಾರ ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನದಲ್ಲಿ ಪ್ರಸಾದಕ್ಕೆ ಕುಳಿತವರ ನಡುವೆ ಬೇರೆ ಮಾತೇ ಇರಲಿಲ್ಲ.

ಈಗ ಪಂದ್ಯಕ್ಕೆ ಹೋಗುವ ವಿಷಯ. ಸ್ಕೀನ್ಸ್ ಎಸೆಯುವ ದಿನವನ್ನು ನೋಡಿಕೊಂಡು ಟಿಕೆಟ್ ತೆಗೆದುಕೊಳ್ಳಲು ಹೇಳು. ಡೌನ್‌ಟೌನ್‌ನಲ್ಲಿ ಇಳಿದು ಕ್ಲೆಮೆಂಟೆಯ ಹೆಸರಿನ ಹಳದಿ ಸೇತುವೆಯ ಮೇಲೆ ನಡೆದು ಹೋಗು; ಪಂದ್ಯದ ದಿನ ಅಲ್ಲಿ ಕಾರು ಬಿಡುವುದಿಲ್ಲ. ಆಚೆ ದಡದಲ್ಲಿ ಅವನ ಪ್ರತಿಮೆ ಸಿಗುತ್ತದೆ. ನೀನು ಸಸ್ಯಾಹಾರಿ ಎಂದಿದ್ದೀಯ, ಆಲೂಗಡ್ಡೆ ತುಂಬಿದ ಪಿರೋಗಿ ತಿನ್ನಬಹುದು. ಮೂರನೆಯ ಬೇಸ್‌ನ ಬದಿಯ ಮೇಲಿನ ಸಾಲಿನಲ್ಲಿ ಕುಳಿತರೆ ಅಲೆಗೆನಿ ನದಿ, ಅದರಾಚೆಯ ಕಟ್ಟಡಗಳು ಪೂರ್ತಿ ಕಾಣುತ್ತವೆ. ಇದಕ್ಕಿಂತ ಚೆಂದದ ಕ್ರೀಡಾಂಗಣವನ್ನು ನಾನು ನೋಡಿಲ್ಲ. ಆಟ ಅರ್ಥವಾಗದಿದ್ದರೆ ಪಕ್ಕದವರನ್ನು ಕೇಳು, ಬಹಳ ಸಂತೋಷದಿಂದ ಹೇಳುತ್ತಾರೆ. ಎರಡು ಮಾತು ಮಾತ್ರ ಆಡಬೇಡ. ಮೊದಲನೆಯದು, ಬರುವ ವರ್ಷ ಎಲ್ಲ ಸರಿಹೋಗುತ್ತದೆ ಎಂಬ ಸಮಾಧಾನ. ಎರಡನೆಯದು, ಸೋಲುವ ತಂಡಕ್ಕೆ ಯಾಕೆ ಹಣ ಹಾಳು ಎಂಬ ಪ್ರಶ್ನೆ. ಅವರು ಬರುವುದು ತಮ್ಮ ತಂದೆ ಕರೆತಂದಿದ್ದರೆಂದು, ಮಕ್ಕಳನ್ನು ಕರೆತರಬೇಕೆಂದು. ಮಾಲೀಕನ ಮೇಲಿನ ಸಿಟ್ಟಿಗೆ ಅದನ್ನು ಬಿಟ್ಟುಕೊಡಲು ಅವರಿಗೆ ಮನಸ್ಸಿಲ್ಲ, ಬಿಟ್ಟುಕೊಡಬಾರದು ಎಂದು ನನಗೂ ಅನಿಸುತ್ತದೆ.

ನಿನ್ನ ಕೆಲಸದ ಜಾಗದಿಂದ ಸ್ವಲ್ಪ ದೂರದಲ್ಲೇ, ವಿಶ್ವವಿದ್ಯಾಲಯದ ಕಟ್ಟಡಗಳ ನಡುವೆ ಫೋರ್ಬ್ಸ್ ಫೀಲ್ಡ್ ಎಂಬ ಹಳೆಯ ಕ್ರೀಡಾಂಗಣದ ಇಟ್ಟಿಗೆ ಗೋಡೆಯ ಒಂದು ತುಂಡು ಉಳಿದಿದೆ. 1960ರ ಅಕ್ಟೋಬರ್ 13ರಂದು ಬಲಿಷ್ಠ ನ್ಯೂಯಾರ್ಕ್ ಯಾಂಕೀಸ್ ವಿರುದ್ಧ ಒಂಬತ್ತನೆಯ ಇನ್ನಿಂಗ್ಸ್‌ನಲ್ಲಿ ಬಿಲ್ ಮ್ಯಾಜೆರಾಸ್ಕಿ ಹೊಡೆದ ಹೋಮ್ ರನ್ನಿನಿಂದ ಪೈರೇಟ್ಸ್ 10-9ರಲ್ಲಿ ವರ್ಲ್ಡ್ ಸೀರೀಸ್ ಗೆದ್ದದ್ದು ಅಲ್ಲಿ. ಪ್ರತಿ ವರ್ಷ ಅದೇ ತಾರೀಖಿನ ಮಧ್ಯಾಹ್ನ ಜನ ಮಡಿಸುವ ಕುರ್ಚಿ ಹಿಡಿದು ಆ ಗೋಡೆಯ ಬಳಿ ಸೇರಿ ಅಂದಿನ ರೇಡಿಯೋ ವಿವರಣೆಯ ಧ್ವನಿಮುದ್ರಣವನ್ನು ಮೊದಲಿನಿಂದ ಕೇಳುತ್ತಾರೆ. ಪಕ್ಕದ ಮನೆಯವರು ಬದುಕಿರುವವರೆಗೂ ನಮ್ಮನ್ನು ಕರೆದುಕೊಂಡು ಹೋಗುತ್ತಿದ್ದರು, ಈಗ ನಾವೇ ಹೋಗುತ್ತೇವೆ. ಅಂದು ಅರ್ಧ ದಿನ ರಜೆ ಹಾಕಿ ಬಾ. ನಿನಗೂ ಒಂದು ಕುರ್ಚಿ ತರುತ್ತೇವೆ.